ಎಡಗೈಗೊಂದು ಚೀಲ

"ಇದು ಬೇಡ ಅಂಕಲ್. ಬಾಯೇ ಬಿಡಲ್ಲ," ಎಂದು ಹುಡುಗಿ ಜಾಮಿಟ್ರಿ ಬಾಕ್ಸನ್ನು ಗಾಜಿನ ಕಟ್ಟೆಯ ಮೇಲೆ ಹಿಂದಕ್ಕೆ ತಳ್ಳಿದಳು.

ಅಂಗಡಿಯವನು ಅದನ್ನೆತ್ತಿ ಎರಡೂ ಹೆಬ್ಬೆರಳು ಒತ್ತಿ ಟಕ್ಕನೆ ತೆರೆದು ತೋರಿಸಿದ. "ಯಾಕೆ ಬಿಡಲ್ಲ? ನೋಡು, ಎಷ್ಟು ಸಲೀಸು!"

"ನಿಮಗೆ ಬಿಡುತ್ತೆ. ನನಗೆ ಬಿಡಲ್ಲ."

ಆಗಷ್ಟೇ ಅವನ ಕಣ್ಣು ಅವಳ ಬಲಗೈಯ ಮೇಲೆ ಬಿತ್ತು. ಅದು ಭುಜದಿಂದ ಸುಮ್ಮನೆ ಇಳಿಬಿದ್ದಿತ್ತು. ಪಕ್ಕದವರು ಒತ್ತರಿಸಿದಾಗ ಅತ್ತ ಸರಿಯುತ್ತಿತ್ತು, ಬಿಟ್ಟಾಗ ಇತ್ತ ಬರುತ್ತಿತ್ತು. ಕಳೆದ ವರ್ಷ ಇಳಿಜಾರಿನಲ್ಲಿ ಅವಳ ಸೈಕಲ್ಲಿಗೆ ವ್ಯಾನೊಂದು ತಗುಲಿತ್ತು. ಮುರಿದ ಎಲುಬನ್ನು ವೈದ್ಯರು ಕೂಡಿಸಿದರು. ಹರಿದ ನರ ಕೂಡಲಿಲ್ಲ. ಆ ವರ್ಷವೆಲ್ಲ ಅವಳು ಮನೆಯಲ್ಲೇ ಕೂತು ಎಡಗೈಯಲ್ಲಿ ಬರೆಯಲು ಕಲಿತಳು. ಈಗ ಏಳನೇ ತರಗತಿ, ಸೇತುವೆಯ ಆಚೆಗಿನ ದೊಡ್ಡ ಶಾಲೆ.

"ಇದನ್ನೇ ತಗೊಳ್ಳಿ ಮೇಡಂ," ಎಂದು ಅಂಗಡಿಯವನು ದನಿ ತಗ್ಗಿಸಿ ತಾಯಿಗೆ ಹೇಳಿದ. "ಸ್ಕೂಲಲ್ಲಿ ಟೀಚರ್ ತೆಗೆದುಕೊಡ್ತಾರೆ."

"ಟೀಚರ್ ಎಲ್ಲಾ ಪೀರಿಯಡ್ಡಿಗೂ ನನ್ನ ಹಿಂದೇನೇ ಬರ್ತಾರಾ?" ಎಂದಳು ಹುಡುಗಿ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ್ದಕ್ಕೆ ಅಪ್ಪ ಅವಳನ್ನು ಜೀರುಂಡೆ ಎಂದೇ ಕರೆಯುತ್ತಿದ್ದ.

ಬಾಕ್ಸಿನತ್ತ ಹೊರಟ ಕೈಯನ್ನು ತಾಯಿ ಹಿಂದಕ್ಕೆಳೆದುಕೊಂಡಳು. ಮುಟ್ಟುವ ಹಾಗಿರಲಿಲ್ಲ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಕೂಡಿಸುವವಳು. ಸಾಲಿನಲ್ಲಿ ಅವಳಷ್ಟು ಬೇಗ ಕೈ ಓಡಿಸುವವರು ಇನ್ನೊಬ್ಬರಿರಲಿಲ್ಲ. ಅದೇ ಕೈಗಳು ಮನೆಯಲ್ಲಿ, ಮಗಳು ಕೇಳುವ ಮೊದಲೇ ಗುಂಡಿ ಹಾಕುತ್ತಿದ್ದವು, ಮುಚ್ಚಳ ತೆಗೆಯುತ್ತಿದ್ದವು, ಜಡೆ ಹೆಣೆಯುತ್ತಿದ್ದವು. "ಬೇಕಾದರೆ ಮೊದಮೊದಲು ನೀವೂ ಬಂದು ವರಾಂಡದಲ್ಲಿ ಕೂತಿರಿ," ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದೇ ತಡ, ಅವಳು ಕೆಲಸಕ್ಕೆ ರಜೆ ಹಾಕುವ ಮಾತೆತ್ತಿದ್ದಳು. ಮಗಳು ಊಟದ ತಟ್ಟೆಯ ಮುಂದೆಯೇ ಪಂಥ ಕಟ್ಟಿದಳು: ಚೀಲದಲ್ಲಿರುವ ಪ್ರತಿಯೊಂದು ವಸ್ತುವನ್ನೂ ತಾನೇ ತೆಗೆದು ತಾನೇ ಮುಚ್ಚಿದರೆ ಅಮ್ಮ ಶಾಲೆಗೆ ಬರಕೂಡದು. ಆಗದಿದ್ದರೆ ಬರಲಿ, ಬೇಕಾದರೆ ಪಕ್ಕದಲ್ಲೇ ಬೆಂಚಿನ ಮೇಲೆ ಕೂರಲಿ. ಅಪ್ಪ ಸಾಕ್ಷಿ. ಆಯ್ಕೆಯೂ ತನ್ನದೇ; ಅಮ್ಮ ಅಂಗಡಿಯಲ್ಲಿ ಯಾವುದಕ್ಕೂ ಕೈ ಹಚ್ಚುವಂತಿಲ್ಲ.

ಶಾಲೆ ಶುರುವಾಗುವ ದಿನಗಳು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನಿಂದ ಒಬ್ಬಾಕೆ, "ಸ್ವಲ್ಪ ಬೇಗ ಮುಗಿಸ್ರೀ, ನಾವೂ ನಿಂತಿದೀವಿ," ಎಂದು ಗೊಣಗಿದಳು. ಜೀರುಂಡೆ ತಿರುಗಿ ನೋಡಿ, "ನೀವು ಮೊದಲು ತಗೊಳ್ಳಿ ಆಂಟಿ, ನಂದು ಲೇಟಾಗುತ್ತೆ," ಎಂದು ಪಕ್ಕಕ್ಕೆ ಸರಿದು ಕೂತು, ನೀರಿನ ಬಾಟಲಿಯೊಂದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಮುಚ್ಚಳ ತಿರುಗಿಸತೊಡಗಿದಳು. ಅದು ತಿರುಗಿತು. ಆದರೂ ಅವಳಿಗೆ ಹಿಡಿಸಲಿಲ್ಲ. "ಎಲ್ಲರ ಮುಂದೆ ಹೀಗೆ ಕುಕ್ಕರಗಾಲಲ್ಲಿ ಕೂತ್ಕೊಳಕ್ಕಾಗಲ್ಲ," ಎಂದು ಅದನ್ನಿಟ್ಟು, ಗುಂಡಿ ಒತ್ತಿದರೆ ಚಿಮ್ಮುವ ಮುಚ್ಚಳದ ಬಾಟಲಿ ಹುಡುಕಿದಳು.

ಅಂಗಡಿಯವನಿಗೆ ಎಲ್ಲಿಂದ ಹುಕಿ ಬಂತೋ. ತನ್ನ ಬಲಗೈಯನ್ನು ಬೆನ್ನ ಹಿಂದೆ ಮಡಚಿಕೊಂಡು ಒಂದೊಂದೇ ಸಾಮಾನನ್ನು ಎಡಗೈಯಲ್ಲಿ ತೆರೆಯಲು ನೋಡಿದ. ಪೆನ್ಸಿಲ್ ಹೆರೆಯುವ ಮೆಂಡರು ಜಾರಿತು. ಗೋಂದಿನ ಮುಚ್ಚಳ ಹಾರಿ ಗಿರಾಕಿಯೊಬ್ಬರ ಚಪ್ಪಲಿಯ ಮೇಲೆ ಬಿತ್ತು. "ಅಬ್ಬಬ್ಬಾ! ಇಷ್ಟು ವರ್ಷದಿಂದ ಮಾರ್ತಿದೀನಿ, ಇವು ಇಷ್ಟು ಮೊಂಡು ಅಂತ ಗೊತ್ತಿರಲಿಲ್ಲ," ಎಂದು ನಗುತ್ತ ಅಟ್ಟಕ್ಕೆ ಏಣಿ ಹಾಕಿ, ಧೂಳು ಹಿಡಿದ ರಟ್ಟಿನ ಡಬ್ಬವೊಂದನ್ನು ಇಳಿಸಿದ. ಅದರೊಳಗೆ ಯಾರೂ ಕೇಳದ ಹಳೆಯ ಬಟ್ಟೆಯ ಪೌಚುಗಳಿದ್ದವು. ಮುಚ್ಚಳದಂಥ ಮಡಿಕೆಯನ್ನು ಎಳೆದರೆ ಪರ್ರೆಂದು ಬಿಚ್ಚಿಕೊಳ್ಳುವ ಅಂಟುಪಟ್ಟಿ. ಜೀರುಂಡೆ ಅದನ್ನು ಬಿಚ್ಚಿದಳು, ಮುಚ್ಚಿದಳು, ಮತ್ತೆ ಬಿಚ್ಚಿದಳು. ಪಕ್ಕದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಸದ್ದಾಯಿತು. ಅವಳ ಮುಖ ಅರಳಿತು.

ಮೆಂಡರಿನ ಗೊಡವೆಯೇ ಬೇಡವೆಂದು ತುದಿ ಒತ್ತಿದರೆ ಕಡ್ಡಿ ಹೊರಬರುವ ಪೆನ್ಸಿಲ್ ತೆಗೆದುಕೊಂಡಳು. ಬೆನ್ನಿಗೆ ತಂತಿ ಸುರುಳಿಯಿರುವ ಪುಸ್ತಕಗಳನ್ನು ಆರಿಸಿದಳು, ತೆರೆದಲ್ಲೇ ಮಲಗಿರುತ್ತವೆಂದು. ಕೊನೆಗೆ ಚೀಲ. ಮೇಲೆ ತೂಗುಹಾಕಿದ್ದ ನೇರಳೆ ಬಣ್ಣದ, ನಕ್ಷತ್ರಗಳ ಚೀಲದ ಮೇಲೆ ಅಂಗಡಿಗೆ ಬಂದಾಗಿನಿಂದ ಅವಳ ಕಣ್ಣಿತ್ತು. ಅದನ್ನು ಇಳಿಸಿಕೊಂಡು, ಗೋಡೆಗೆ ಒರಗಿಸಿ, ಜಿಪ್ಪು ಎಳೆದಳು. ಬಾಗುವಲ್ಲಿ ಸಿಕ್ಕಿಕೊಂಡಿತು. ಇನ್ನೊಂದು ಬದಿಯನ್ನು ಯಾರಾದರೂ ಹಿಡಿದಿದ್ದರೆ ಸರಾಗವಾಗಿ ಹೋಗುತ್ತಿತ್ತು. ತಾಯಿಯ ಬೆರಳುಗಳು ಸೆರಗಿನ ತುದಿಯನ್ನು ಹಿಂಡಿದವು. ಹುಡುಗಿ ಇನ್ನೊಮ್ಮೆ ಎಳೆದಳು, ಮತ್ತೊಮ್ಮೆ ಎಳೆದಳು. ಆಮೇಲೆ ನಕ್ಷತ್ರವೊಂದನ್ನು ಉಗುರಿನಿಂದ ಕೆರೆದು, ಚೀಲವನ್ನು ಕಟ್ಟೆಯ ಮೇಲಿಟ್ಟು, ಮೂಲೆಯಲ್ಲಿದ್ದ ಪಾಚಿ ಬಣ್ಣದ, ಅಗಲ ಬಾಯಿಯ, ಒಂದೇ ಕೊಕ್ಕೆಯ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ಪೋಸ್ಟ್‌ಮ್ಯಾನ್ ಥರ ಕಾಣ್ತೀನಾ?" ಎಂದು ಕೇಳಿದಳು.

"ಸ್ವಲ್ಪ," ಎಂದಳು ತಾಯಿ.

"ಕಾಣಲಿ ಬಿಡು."

ಸಂಜೆ ಬಸ್ಸು ಓಡಿಸಿ ಬಂದ ಅಪ್ಪ ಖಾಕಿ ಅಂಗಿಯನ್ನೂ ಬಿಚ್ಚದೆ ಮೇಷ್ಟ್ರಾದ. ಊಟದ ಮೇಜೇ ತರಗತಿ. ಜೀರುಂಡೆ ಮಧ್ಯಾಹ್ನವೆಲ್ಲ ಕೂತು ಚೀಲ ಜೋಡಿಸಿದ್ದಳು: ದಪ್ಪ ಪುಸ್ತಕಗಳು ಬೆನ್ನಿಗೆ, ತೆಳುವಾದವು ಮುಂದಕ್ಕೆ, ಪ್ರತಿಯೊಂದರ ಅಂಚಿಗೂ ಒಂದೊಂದು ಬಣ್ಣದ ಬಟ್ಟೆಚೂರು. ಕಾರ್ಖಾನೆಯಿಂದ ತಾಯಿ ತಂದಿದ್ದ ಚೂರುಗಳು ಅವು. ಅಂಟಿಸಿದ್ದು ಮಾತ್ರ ಮಗಳು, ಸೊಟ್ಟಸೊಟ್ಟಗೆ. "ವಿಜ್ಞಾನ!" ಎಂದು ಅಪ್ಪ ಕೂಗಿದರೆ ಹಸಿರು ಚೂರು ಹಿಡಿದು ಎಳೆಯುವಳು. "ಸಮಾಜ!" ಎಂದರೆ ಕೆಂಪು. ಬಾಟಲಿ ಚಿಮ್ಮಿತು, ಪೌಚು ಪರ್ರೆಂದಿತು. ಅಪ್ಪ ಸೀನಿದರೆ ಕರ್ಚೀಫೂ ಹೊರಬಂತು. ತಾಯಿ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು.

"ಗಣಿತ! ಒಂದು ಗೆರೆ ಎಳಿ, ನೆಟ್ಟಗೆ."

ಸ್ಕೇಲು ಜಾರಿತು. ಗೆರೆ ಓರೆಯಾಯಿತು. ರಬ್ಬರಿನಿಂದ ಉಜ್ಜಿದರೆ ಪುಸ್ತಕವೇ ಸರಿಯಿತು. ಇನ್ನೊಮ್ಮೆ ಎಳೆದಳು, ಅದೂ ಓರೆ. ತಾಯಿ ಎದ್ದೇಬಿಟ್ಟಳು.

"ಕೂತ್ಕೋ," ಎಂದ ಅಪ್ಪ ಮೆಲ್ಲಗೆ.

ಜೀರುಂಡೆ ಸ್ಕೇಲನ್ನು ನೆಲಕ್ಕೆ ಬೀಸಿ ಎಸೆದು, ಹೋಗಿ ಹೊಸಿಲ ಮೇಲೆ ಕೂತಳು. ಯಾರೂ ಕರೆಯಲಿಲ್ಲ. ಬೀದಿಯಲ್ಲಿ ಯಾರದೋ ಸ್ಕೂಟರು ಸ್ಟಾರ್ಟಾಗದೆ ಕೆಮ್ಮಿ ಕೆಮ್ಮಿ ಕಡೆಗೊಮ್ಮೆ ಹೊರಟಿತು. ಅವಳು ಎದ್ದು ಬಂದು ಸ್ಕೇಲನ್ನು ಎತ್ತಿಕೊಂಡಳು. ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ತೊಟ್ಟಿಲಿಂದ ಮಗುವನ್ನು ಎತ್ತಿದ ಹಾಗೆ, ತಂದು ಪುಸ್ತಕದ ಮೇಲೆ ಮಲಗಿಸಿದಳು. ಅದರ ಕೆಳಗೆ ಸ್ಕೇಲು ತೂರಿಸಿ, ಭುಜವನ್ನು ತುಸು ಮುಂದಕ್ಕೆ ಬಾಗಿಸಿ ಭಾರ ಬಿಟ್ಟಳು. ಪೆನ್ಸಿಲ್ ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಹೋಯಿತು.

ಗೆರೆ ನೆಟ್ಟಗಿತ್ತು.

"ವರ್ಷದಿಂದ ಕೂತು ತಿಂತಾ ಇತ್ತು ಸೋಮಾರಿ," ಎಂದಳು ಆ ಕೈಯನ್ನು ನೋಡುತ್ತ. "ಇದಕ್ಕೂ ಒಂದು ಕೆಲಸ ಸಿಕ್ತು."

ಅಪ್ಪ ಗಟ್ಟಿಯಾಗಿ ನಕ್ಕ. ನಗುತ್ತಲೇ ಕಣ್ಣೊರೆಸಿಕೊಳ್ಳಲು ಅತ್ತ ತಿರುಗಿದ. ತಾಯಿ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಬಟ್ಟೆಯ ಮೇಲೆ ಅವಳು ಹೊಲಿಗೆಯಿಂದ ಎಳೆದ ಗೆರೆಗಳಿಗೆ ಲೆಕ್ಕವಿರಲಿಲ್ಲ. ಹೀಗೆ ಒಂದನ್ನೂ ಎಳೆದಿರಲಿಲ್ಲ ಎನಿಸಿತು.

"ಆಯ್ತು," ಎಂದಳು. "ನಾನು ಬರಲ್ಲ. ರಜೆ ಬೇಡ ಅಂತ ಹೇಳ್ತೀನಿ."

ಶಾಲೆಯ ಮೊದಲ ದಿನ ತಾಯಿ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಜೀರುಂಡೆ ಬಂದಾಗಿತ್ತು. ಮಾತು ಬಾಗಿಲಲ್ಲೇ ಶುರುವಾಯಿತು. ವಿಜ್ಞಾನದ ಮಿಸ್ಸಿಗೆ ಗಂಡಸರ ದನಿಯಂತೆ. ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಯಿತಂತೆ, ಇವಳೇ ಗೆದ್ದಳಂತೆ. ಒಬ್ಬಳು ಕೈಗೆ ಏನಾಯ್ತು ಅಂತ ಕೇಳಿದಳಂತೆ, ಹೇಳಿದ ಮೇಲೆ "ಹೌದಾ" ಎಂದು ತನ್ನ ಬೆಕ್ಕಿನ ಕಥೆ ಶುರುಮಾಡಿದಳಂತೆ. ಹೇಳುತ್ತ ಹೇಳುತ್ತಲೇ ಅವಳು ಚಪ್ಪಲಿ ಮೆಟ್ಟಿಕೊಂಡು ಆಟಕ್ಕೆ ಓಡಿದಳು.

ಪಾಚಿ ಬಣ್ಣದ ಚೀಲ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ಅಷ್ಟು ಚೆಂದ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ದಪ್ಪ ಪುಸ್ತಕ ಮುಂದೆ, ತೆಳುವಾದದ್ದು ಮಡಚಿ ಹಿಂದೆ, ಹಸಿರು ಚೂರು ಕಿತ್ತು ಬಂದಿತ್ತು. "ಹೀಗಾ ಇಡೋದು ಚೀಲನ? ಬಾ ಇಲ್ಲಿ!" ಎಂದು ತಾಯಿ ಬಾಗಿಲ ಕಡೆ ಕೂಗಿದಳು. ಯಾರೂ ಬರಲಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತು ತಳಕ್ಕೆ ಕೈ ಹಾಕಿದಳು. ತಣ್ಣಗಿನದೇನೋ ತಾಗಿತು.

ಅರ್ಧ ತಿಂದ ಸೀಬೆಹಣ್ಣು. ಒಂದು ಬದಿಗೆ ಮಗಳ ಹಲ್ಲಿನ ಗುರುತು. ಇನ್ನೊಂದು ಬದಿಗೆ ಬೇರೆ ಯಾರದೋ, ತುಸು ಅಗಲವಾದ ಹಲ್ಲುಗಳದು.