ನಿಸ್ಬತ್

ಮಿಡಲ್ ಪರೀಕ್ಷೆ ಪಾಸಾದರೆ ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ, ಇಲ್ಲದಿದ್ದರೆ ಸಾಯುವ ತನಕ ಅತ್ತೆಯ ಮನೆಯ ಮೂಲೆ. ತುಳಸಿಬಾಯಿಗೆ ಮೂರನೆಯ ದಾರಿ ಇರಲಿಲ್ಲ. ಗಂಡ ಸತ್ತಾಗ ಅವಳಿಗೆ ಹದಿನಾರು. “ಹುಡುಗಿ ತಲಿಗೆ ಕತ್ತಿ ಮುಟ್ಟಿಸಬ್ಯಾಡ್ರಿ, ಓದ್ಲಿ” ಎಂದು ಮಾವ ಗಟ್ಟಿಯಾಗಿ ನಿಂತದ್ದರಿಂದ ಕೂದಲೂ ಉಳಿದಿತ್ತು, ಓದೂ ನಡೆದಿತ್ತು. ಹೋದ ವರ್ಷ ಮಾವ ತೀರಿಕೊಂಡರು.

ನಿಜಾಮರ ಕಾಲ. ಪ್ರಶ್ನೆಗಳೆಲ್ಲ ಉರ್ದು. ದೇವದುರ್ಗದ ಶಾಲೆಯ ಜೈನಾಬ್ ಉಸ್ತಾನಿ ಅವಳಿಗೆ ಅಲಿಫ್‌ನಿಂದ ಹಿಡಿದು ಎಲ್ಲ ಕಲಿಸಿದ್ದಳು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಲಾ’ ಎಂದು ಬರೆಯಬೇಕು ಎಂದಾಗ ತುಳಸಿಬಾಯಿ ನಕ್ಕಿದ್ದಳು.

“ಲಾ ಅಂದ್ರ ತಾ ಅಂತಲ್ಲೇನ್ರಿ? ಏನ್ ತರ್ಬೇಕು?”

“ಕೈಗೆ ಸಿಗದಿದ್ದನ್ನ ತಾ ಅಂತ ತಿಳ್ಕೋ ಬಾಯಿ!”

ಎಲ್ಲ ಬಂದರೂ ನಿಸ್ಬತ್ ಮಾತ್ರ ತಲೆಗೆ ಹತ್ತಿರಲಿಲ್ಲ. ಇದಕ್ಕೆ ಅದು ಎಷ್ಟು ಪಾಲು ಎಂಬ ಲೆಕ್ಕ. ಇಪ್ಪತ್ತೇಳು ಸೇರಿನ ಕೊಡ, ಏಳು ಪಾಲು ಹಾಲು, ಎರಡು ಪಾಲು ನೀರು. ಮೂರು ಪಾಲು ಹಾಲಿಗೆ ಒಂದು ಪಾಲು ನೀರಾಗಲು ಇನ್ನೆಷ್ಟು ನೀರು ಸುರಿಯಬೇಕು? ಪ್ರತಿ ಸಲವೂ ಅವಳ ಲೆಕ್ಕದಲ್ಲಿ ಹಾಲೂ ಉಬ್ಬುತ್ತಿತ್ತು.

“ಅತ್ತಿ ಕಣ್ಣ ತಪ್ಪಿಸಿ ನೀರ ಹಾಕಿದ್ರ ಹಾಲು ಹೆಚ್ಚಾಗತದೇನ?” ಎಂದಳು ಜೈನಾಬ್.

ತುಳಸಿಬಾಯಿ ಬೆರಳು ಮಡಿಚಿ ಎಣಿಸಿದಳು. ಹಾಲು ಹಾಗೇ ಇರುತ್ತದೆ, ಇಪ್ಪತ್ತೊಂದು. ನೀರು ಆರು ಇದ್ದದ್ದು ಏಳಾಗಬೇಕು. “ಒಂದ್ ಸೇರ್ರೀ!”

ಜೈನಾಬ್ ಚಪ್ಪಾಳೆ ತಟ್ಟಿ, ಹೊರಗೆ ಕೂತಿದ್ದ ಜವಾನ ಅಮೀರ್ ಸಾಬನಿಗೆ ಕೂಗಿ ಹೇಳಿದಳು: “ಸುನೇ ಕ್ಯಾ? ಹಮಾರೀ ತುಳಸಿಬಾಯಿ ಕೀ ನಿಸ್ಬತ್ ಪಕ್ಕೀ ಹೋಗಯೀ!”

“ಮುಬಾರಕ್!” ಎಂದ ಮುದುಕ.

ಸೊಸೆ ಇನ್ನೂ ಬರಲಿಲ್ಲವೆಂದು ಕರೆಯಲು ಬಂದ ಅತ್ತೆ ಅಹಲ್ಯಾಬಾಯಿ ಆಗಲೇ ಶಾಲೆಯ ಮೆಟ್ಟಿಲ ಮೇಲಿದ್ದಳು. ಲೆಕ್ಕದ ಉರ್ದು ಅವಳಿಗೆ ಬಾರದು. ಆದರೆ ಓಣಿಯಲ್ಲಿ ಸಾಬರ ಮನೆಯ ಹುಡುಗಿಗೆ ಗಂಡು ಗೊತ್ತಾದಾಗಲೆಲ್ಲ ನಿಸ್ಬತ್ ಪಕ್ಕೀ ಎಂದು ಸಕ್ಕರೆ ಹಂಚುವುದನ್ನು ಹುಟ್ಟಿದಾಗಿನಿಂದ ಕಂಡವಳು. ಮೆಟ್ಟಿಲಿಂದಲೇ ತಿರುಗಿ ಹೋದಳು.

ತುಳಸಿಬಾಯಿ ಮನೆಗೆ ಬಂದಾಗ ಹಿತ್ತಲಲ್ಲಿ ಮಣೆ ಹಾಕಿತ್ತು. ಪಕ್ಕದಲ್ಲಿ ಕ್ಷೌರದ ಪಕೀರಪ್ಪ ಕತ್ತಿ ಮಸೆಯುತ್ತಿದ್ದ.

“ಯಾರ ಜೋಡಿ ಗೊತ್ತು ಮಾಡ್ಕೊಂಡೀ?” ಎಂದಳು ಅತ್ತೆ.

ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ತುಳಸಿಬಾಯಿ ಭಾವನ ಕಾಲ ಬಳಿ ಕುಸಿದಳು. ಶೇಷಗಿರಿ ತಹಶೀಲ ಕಚೇರಿಯ ಗುಮಾಸ್ತ. ಬೆಳಗಾದರೆ ಉರ್ದು ಬರೆಯುವವನು.

“ಭಾವಾ, ನಿಮಗ ಗೊತ್ತದ. ನಿಸ್ಬತ್ ಅಂದ್ರ ಲೆಕ್ಕದ ಮಾತು ಅಂತ ಅತ್ಯಾಗ ಹೇಳ್ರಿ. ಒಂದು ಮಾತು ಹೇಳ್ರಿ ಸಾಕು.”

ಶೇಷಗಿರಿ ಕನ್ನಡಕ ತೆಗೆದು ಒರೆಸಿದ. ಅವನ ಹೆಂಡತಿ ಸತ್ತಿದ್ದಳು. ಒಲೆಯ ಮುಂದೆ ಕೂತರೆ ತಾಯಿಗೆ ಮೊಣಕಾಲೂರಿ ಏಳಲಾಗುತ್ತಿರಲಿಲ್ಲ. ತಂದೆಯ ವರ್ಷಾಂತಿಕ ಎದುರಿಗೇ ಇತ್ತು. ಕೂದಲಿರುವ ವಿಧವೆಯ ಕೈಯಡುಗೆ ಪಂಕ್ತಿಗೆ ನಡೆಯದು, ತೆಗೆಸಿದವಳದು ನಡೆಯುತ್ತದೆ. ಅವನ ಲೆಕ್ಕ ಅವನಿಗೆ ಬಂದಿತ್ತು.

“ನಿಸ್ಬತ್ ಅಂದ್ರ ನಿಶ್ಚಯ,” ಎಂದ. “ಊರಿಗೇ ಗೊತ್ತಿದ್ದ ಮಾತು.”

ಸುಳ್ಳೇನೂ ಅಲ್ಲ. ಅರ್ಧ ಸತ್ಯದಷ್ಟು ಹದವಾದ ಕತ್ತಿ ಪಕೀರಪ್ಪನ ಚೀಲದಲ್ಲೂ ಇರಲಿಲ್ಲ.

“ಯವ್ವಾ, ಅಳ್ಯಾಡಬ್ಯಾಡ್ರಿ,” ಎಂದ ಪಕೀರಪ್ಪ. “ಕತ್ತಿ ಹತ್ತತದ.”

ರಾಯಚೂರಿನಲ್ಲಿ ಪರೀಕ್ಷೆಯಿದ್ದ ದಿನವೇ ಮಾವನ ವರ್ಷಾಂತಿಕ ಬಿತ್ತು. ಬೆಳಗ್ಗೆ ಜೈನಾಬ್ ಬಂದು ಬಾಗಿಲು ಬಡಿದಳು. “ಬಾಯೀ, ರಾಯಚೂರ ಮೋಟಾರ್ ನಿಂತದ!” ಶೇಷಗಿರಿ ಕದವನ್ನು ಅರ್ಧ ತೆರೆದು, ಸೌಜನ್ಯದಿಂದಲೇ ಹೇಳಿದ: “ಆಕಿ ಮಡಿಯೊಳಗಿದ್ದಾಳ್ರಿ. ನೀವು ಮುಟ್ಟಂಗಿಲ್ಲ.”

ಮೋಟಾರು ಹಾರ್ನ್ ಹೊಡೆಯಿತು, ಸ್ವಲ್ಪ ತಡೆದು ಇನ್ನೊಮ್ಮೆ ಹೊಡೆಯಿತು, ಹೋಯಿತು.

ಒಳಗೆ ಕೆಂಪು ಸೀರೆಯ ಸೆರಗನ್ನು ಬೋಳುತಲೆಗೆ ಹೊದ್ದು ತುಳಸಿಬಾಯಿ ಒಲೆ ಊದುತ್ತಿದ್ದಳು. ಅಹಲ್ಯಾಬಾಯಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಅವಳ ಸಿಟ್ಟು ಇಳಿದಿತ್ತು, ದನಿ ಮೆತ್ತಗಾಗಿತ್ತು.

“ನೋಡು, ಈಗ ನಿನ್ನ ಕೈಯಾಗಿನ ಅನ್ನ ನಿಮ್ಮ ಮಾವನ ಪಿಂಡಕ್ಕೂ ನಡೀತದ. ಪುಣ್ಯವಂತಿ. ಲೆಕ್ಕ ಕಲ್ತೀನಿ ಅಂತಿದ್ಯಲ್ಲ, ಹೇಳು. ಹನ್ನೆರಡು ಎಲಿಗೆ ಮೂರು ಸೇರು ಅಕ್ಕಿ ಹಿಡೀತದ. ಇವತ್ತು ನಲವತ್ತು ಎಲಿ. ಎಷ್ಟು ಹಾಕ್ತಿ?”

ಹತ್ತು ಎಂಬುದು ತುಳಸಿಬಾಯಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಲಾ,” ಎಂದಳು.

ಪಡಸಾಲೆಯಲ್ಲಿ ದರ್ಭೆ ಎಣಿಸುತ್ತಿದ್ದ ಶೇಷಗಿರಿಯ ಕೈ ನಿಂತಿತು. ಅವನಿಗೆ ಅರ್ಥವಾಗಿತ್ತು. ಮತ್ತೆ ಮೊದಲಿನಿಂದ ಎಣಿಸತೊಡಗಿದ.

“ತಾ ಅಂತೀಯಲ್ಲ,” ಎಂದಳು ಅಹಲ್ಯಾಬಾಯಿ, “ಏನ್ ತರ್ಬೇಕ?”