ಉಪ್ಪು ಬೀಳದ ಮಣ್ಣು

"ಉಪ್ಪು ಸುರೀಬೇಡಿ ಭಾವ. ಮೂಟೆ ಅಲ್ಲೇ ಇರ್ಲಿ," ಎಂದು ದ್ರಾಕ್ಷಾಯಣಮ್ಮ ಅಡ್ಡ ನಿಂತಳು.

ಮೂಟೆಯ ಬಾಯಿ ಬಿಚ್ಚುತ್ತಿದ್ದ ಶಂಭುಲಿಂಗಯ್ಯನ ಕೈ ಅಲ್ಲೇ ನಿಂತಿತು. ತೆಂಗಿನ ತೋಟದ ಮೂಲೆಯಲ್ಲಿ ಅವನ ತಮ್ಮ ತೋಂಟದಾರ್ಯನಿಗೆ ಸಮಾಧಿಯ ಗುಂಡಿ ತೋಡಿಯಾಗಿತ್ತು. ದೇಹವನ್ನು ಕೂರಿಸಿ, ವಿಭೂತಿ, ಪತ್ರೆಯ ಜೊತೆ ಉಪ್ಪು ಸುರಿಯುವುದು ಈ ಮನೆತನದಲ್ಲಿ ನಡೆದುಬಂದ ಪದ್ಧತಿ. ಅದನ್ನು ಹೆಂಗಸೊಬ್ಬಳು, ಅದೂ ಗಂಡ ಸತ್ತ ದಿನವೇ, ಬೇಡ ಅನ್ನುವುದೆಂದರೆ! ನೆರೆದವರು ಮುಖ ಮುಖ ನೋಡಿಕೊಂಡರು.

"ಉಪ್ಪಿಲ್ದಿದ್ರೆ ದೇಹ ಕೊಳೆಯಲ್ವೇನವ್ವ?" ಎಂದ ಶಂಭುಲಿಂಗಯ್ಯ.

"ಕೊಳೀಲಿ ಬುಡಿ. ಅವರು ಕೇಳ್ಕೊಂಡಿದ್ದೇ ಅದು. ನಾನು ಮಾತು ಕೊಟ್ಟಿದೀನಿ."

*

ಎಪ್ಪತ್ತೆಂಟನೇ ಇಸವಿಯಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಕಾಡಿಗೆ ಕಾಲೇಜಿನ ಮೇಷ್ಟ್ರೊಬ್ಬರು ಬಂದಿದ್ದರು. ಮಣ್ಣು ಬಿಡುವ ಗಾಳಿ ಎಷ್ಟೆಂದು ನೋಡಲು ನೆಲದ ಮೇಲೆ ಡಬ್ಬ ಬೋರಲು ಹಾಕಿ, ಒಳಗೆ ಸುಣ್ಣದ ತಿಳಿನೀರಿನ ಬಟ್ಟಲು ಇಡುವುದು ಅವರ ಕೆಲಸ. ಡಬ್ಬ ಕಾಯಲು ಹೋದ ತೋಂಟದಾರ್ಯ ಮನೆಗೆ ಬಂದು ಹಿತ್ತಿಲಲ್ಲೂ ಅದೇ ಆಟ ಹೂಡಿದ. ದ್ರಾಕ್ಷಾಯಣಮ್ಮನ ಅಡುಗೆಮನೆಯಲ್ಲಿ ಒಂದು ಡಬ್ಬವೂ ಉಳಿಯಲಿಲ್ಲ. ತರಗು ಕೊಳೆತ ಕಡೆ ಬಟ್ಟಲಿನ ನೀರು ಆ ಗಾಳಿಗೆ ಹಾಲಿನಂತಾಯಿತು. ಬೆಲ್ಲದ ನೀರು ಹುಯ್ದ ಕಡೆ ಇನ್ನೂ ಬೇಗ. ಉಪ್ಪು ಚೆಲ್ಲಿದ ಕಡೆ ಮಾತ್ರ ತಿಳಿಯಾಗೇ ಇತ್ತು.

"ನೋಡ್ದೇನೇ? ನಾವು ಬಿಡೋ ಉಸಿರೇ ಮಣ್ಣೂ ಬಿಡ್ತದೆ. ತಿನ್ನಕ್ಕೆ ಸಿಕ್ಕಷ್ಟೂ ಜೋರು. ಕಾಡಿನ ಮಣ್ಣು ಬಿಡೋ ಉಸಿರು ಅತಿಯಾದ್ರೆ ಭೂಮಿನೇ ಬಿಸಿಯಾಗ್ತದಂತೆ, ಮೇಷ್ಟ್ರು ಹೇಳಿದ್ರು."

"ಹಂಗಾದ್ರೆ ಮಣ್ಣನ್ನ ಉಪವಾಸ ಕೆಡವಿ. ನನ್ನ ಬೆಲ್ಲನಾದ್ರೂ ಉಳೀತದೆ."

"ಉಪವಾಸ ಕೆಡವಿದ್ರೆ ಸತ್ತೋಯ್ತದೆ ಕಣೇ! ತಿಂದಿದ್ದೆಲ್ಲ ಉಸಿರಾಗಲ್ಲ, ಒಂದಷ್ಟು ಮೈಗೂ ಹತ್ತುತ್ತೆ. ನಾನು ಹೋದಾಗ ಉಪ್ಪು ಹಾಕಿ ಅದರ ಬಾಯಿ ಕಟ್ಬೇಡ."

*

"ನಾಯಿ ನರಿ ಕೆದಕಿದ್ರೆ?" ಶಂಭುಲಿಂಗಯ್ಯ ಗುಂಡಿಯೊಳಗೆ ಇಣುಕಿದ.

"ಆಳುದ್ದ ತೋಡ್ಸಿದೀನಿ, ಮೇಲೆ ಕಲ್ಲು ಹೇರಿಸ್ತೀನಿ. ಅವರ ಮಾತು ನಾನು ಮೀರಲ್ಲ. ನೀವೂ ಮೀರ್ಬೇಡಿ ಭಾವ."

ಅವಳ ದನಿ ನಡುಗಲಿಲ್ಲ. ಕ್ರಿಯೆ ಮಾಡಿಸಲು ಬಂದ ಐನೋರು ಹಿರಿಯನ ಕಡೆ ನೋಡಿದರು. ಶಂಭುಲಿಂಗಯ್ಯ ಮೂಟೆಯ ಬಾಯಿ ಬಿಗಿದು ಕಟ್ಟಿ ಪಕ್ಕಕ್ಕೆ ತಳ್ಳಿದ.

ತಮ್ಮನನ್ನು ಕೂರಿಸಿದರು. ಪತ್ರೆ, ವಿಭೂತಿ ಬಿದ್ದವು. ಮೊದಲ ಹಿಡಿ ಮಣ್ಣು ಅಣ್ಣನದು. ಬಾಚಿದ ಕಪ್ಪು ಮಣ್ಣಿನಲ್ಲಿ ಎರೆಹುಳವೊಂದು ಮಿಸುಕಾಡಿತು.

"ಥೂ, ಆಚೆ ಎಸೀರಿ," ಎಂದರು ಯಾರೋ.

ಶಂಭುಲಿಂಗಯ್ಯ ಎಸೆಯಲಿಲ್ಲ. ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ತೋಳು ಚಾಚುವಷ್ಟು ಚಾಚಿ, ಹುಳವನ್ನು ಮೆಲ್ಲಗೆ ತಮ್ಮನ ಪಕ್ಕದ ಮಣ್ಣಿಗೆ ಬಿಟ್ಟ.