ಸುಡದ ಟ್ರಾನ್ಸ್‌ಫಾರ್ಮರ್

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಪಾಲಾಕ್ಷನ ರೇಡಿಯೋ ರಿಪೇರಿ ಅಂಗಡಿ. ಅದರ ಹಿಂದೆಯೇ ಮನೆ. ಹಗಲೆಲ್ಲ ರೇಡಿಯೋ ಬಿಚ್ಚುವ ಕೈ ಸಂಜೆಯಾದರೆ ಹಾರ್ಮೋನಿಯಂ ಮೇಲೆ ಓಡುತ್ತಿತ್ತು. ಪಂಚಾಕ್ಷರಯ್ಯ ಮೇಷ್ಟ್ರು ಕಟ್ಟಿಕೊಂಡಿದ್ದ ಹಾಡಿನ ತಂಡ ಹಾಸನ ಸೀಮೆಯ ಯಾವ ಊರಿಗೆ ಹೋದರೂ ಮೇಷ್ಟ್ರ ಎಡಗಡೆ ಕೂರುವವನು ಪಾಲಾಕ್ಷನೇ. ಆ ಜಾಗ ತನ್ನದು ಅಂತ ಅವನು ಯಾವತ್ತೂ ಹೇಳಿಕೊಂಡಿರಲಿಲ್ಲ, ಹೇಳಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಅರವತ್ಮೂರನೇ ಇಸವಿಯಲ್ಲಿ ಆ ಜಾಗಕ್ಕೆ ಜೀವಂಧರ ಬಂದ. ಚನ್ನರಾಯಪಟ್ಟಣದ ಜವಳಿ ಅಂಗಡಿಯವರ ಮನೆಯ ಹುಡುಗ, ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ಯಾಂಡು ಬಾರಿಸುತ್ತಿದ್ದವನೊಬ್ಬ ಊರು ಬಿಟ್ಟು ಹೋಗುವಾಗ ಮಾರಿದ ಕರೆಂಟಿನ ಗಿಟಾರು, ಜೊತೆಗೆ ಅದರ ಆಂಪ್ಲಿಫೈಯರ್ ಪೆಟ್ಟಿಗೆ, ಎರಡನ್ನೂ ತಂದಿದ್ದ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸಿದರೆ ಸ್ವರ ಒಂದರಿಂದ ಇನ್ನೊಂದಕ್ಕೆ ಎಣ್ಣೆ ಹರಿದಂತೆ ಹೋಗುತ್ತಿತ್ತು. ಮೊದಲ ದಿನ ಕೇಳಿದಾಗ ಪಾಲಾಕ್ಷನ ಕಣ್ಣಲ್ಲೂ ನೀರು ಬಂತು. ಹೊಟ್ಟೆಯಲ್ಲಿ ಉರಿ ಎದ್ದದ್ದು ಆಮೇಲೆ.

"ಹಾರ್ಮೋನಿಯಂಗೂ ಗಿಟಾರ್‌ಗೂ ಶ್ರುತಿ ಕೂಡ್ತಾ ಇಲ್ಲ ಕಣಯ್ಯಾ ಪಾಲಾಕ್ಷ. ಇದೊಂದು ಸಲ ಗಿಟಾರ್ ಒಂದೇ ಇರ್ಲಿ," ಎಂದರು ಮೇಷ್ಟ್ರು. ಆ ಒಂದು ಸಲ ಮುಗಿಯಲೇ ಇಲ್ಲ. ಯಾರೂ ಅವನನ್ನು ಬರಬೇಡ ಅನ್ನಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೆ.

ಮಾರನೇ ವರ್ಷ, ಅರಕಲಗೂಡಿನ ಶಾಲೆಯೊಂದರ ವಾರ್ಷಿಕೋತ್ಸವ ಹತ್ತಿರ ಬಂದಿದ್ದಾಗ, ಜೀವಂಧರ ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಸಿ ನೇರ ಪಾಲಾಕ್ಷನ ಅಂಗಡಿಗೆ ಹೊತ್ತು ತಂದ.

"ಅಣ್ಣಾ, ನೀವೇ ನೋಡ್ಬೇಕು. ಸ್ವಲ್ಪ ಹೊತ್ತು ಚೆನ್ನಾಗಿ ನುಡಿಯುತ್ತೆ. ಬಿಸಿ ಆಗ್ತಿದ್ದಂಗೆ ಉಸಿರು ಕಟ್ಟಿದಂಗೆ ನಿಂತೋಗುತ್ತೆ. ಬೇರೆಯವರ ಕೈಗೆ ಕೊಡಕ್ಕೆ ಮನಸ್ಸಿಲ್ಲ."

"ಬಿಟ್ಟೋಗು, ನೋಡ್ತೀನಿ," ಎಂದ ಪಾಲಾಕ್ಷ.

ಅವನು ಹೋದ ಮೇಲೆ ಪಾಲಾಕ್ಷ ಪೆಟ್ಟಿಗೆಯ ಹಿಂಬದಿ ಹಲಗೆ ಬಿಚ್ಚಿದ. ಕರೆಂಟು ಕೊಟ್ಟ. ವಾಲ್ವುಗಳು ಒಂದೊಂದಾಗಿ ಕೆಂಪಗೆ ಹೊತ್ತಿಕೊಂಡವು. ಗಿಟಾರಿನ ವೈರು ಸಿಕ್ಕಿಸುವ ತುದಿಗೆ ಬೆರಳು ತಾಗಿಸಿದರೆ ಸ್ಪೀಕರು ಗುಂಯ್ ಅಂದಿತು. ಪೆಟ್ಟಿಗೆ ಚೆನ್ನಾಗಿ ಕಾಯಲಿ ಅಂತ ಬಿಟ್ಟು ಮತ್ತೆ ತಾಗಿಸಿದ. ಸದ್ದಿಲ್ಲ. ವಾಲ್ವುಗಳನ್ನು ಬದಲಿಸಿ ನೋಡಿದ, ಇಲ್ಲ. ಆಮೇಲೆ ತೆಳ್ಳನೆಯ ಬಿದಿರು ಕಡ್ಡಿ ತೆಗೆದುಕೊಂಡು, ಒಂದು ಕೈಯ ಬೆರಳನ್ನು ವೈರಿನ ತುದಿಗೆ ಒತ್ತಿ ಹಿಡಿದು, ಒಳಗಿನ ಒಂದೊಂದು ಬೆಸುಗೆಯನ್ನೂ ಮೆಲ್ಲಗೆ ತಟ್ಟುತ್ತಾ ಹೋದ. ದೊಡ್ಡ ವಾಲ್ವಿನ ಬುಡಕ್ಕೆ ತಟ್ಟಿದಾಗ ಅಂಗಡಿಯೆಲ್ಲ ನಡುಗುವಂತೆ ಸದ್ದು ಬಂತು. ಅಲ್ಲೊಂದು ಬೆಸುಗೆ ಕೂದಲೆಳೆಯಷ್ಟು ಬಿರಿದಿತ್ತು. ಬಿಸಿಗೆ ಬಾಯಿ ಬಿಡುತ್ತಿತ್ತು, ತಣ್ಣಗಾದರೆ ಕೂಡುತ್ತಿತ್ತು. ಒಂದು ತೊಟ್ಟು ಸೀಸ ಬಿಟ್ಟರೆ ಮುಗಿಯಿತು.

ಕಾದ ಬೆಸುಗೆ ಕಡ್ಡಿ ಪಕ್ಕದಲ್ಲೇ ಇತ್ತು. ಪಾಲಾಕ್ಷ ಅದನ್ನು ಮುಟ್ಟಲಿಲ್ಲ.

ಒಳಗಿನಿಂದ ಹೆಂಡತಿ ಗುರುಸಿದ್ದಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. "ಸರಿ ಓಯ್ತಾ? ಪಾತ್ರೆಯೆಲ್ಲ ಅದುರ್ತಲ್ಲ."

"ಇಲ್ಲ. ಸ್ಪೀಕರಿಗೆ ಸೌಂಡ್ ಕಳಿಸೋ ಟ್ರಾನ್ಸ್‌ಫಾರ್ಮರ್ ಸುಟ್ಟೋಗದೆ."

"ಸುಟ್ಟೋಗಿದ್ರೆ ಸೌಂಡ್ ಎಂಗ್ ಬಂತು?"

"ನಿಂಗೇನು ಗೊತ್ತಾಯ್ತದೆ ಇದೆಲ್ಲ, ಒಳಗೋಗು," ಎಂದು ರೇಗಿದ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು.

ಸುಟ್ಟ ಸುದ್ದಿ ಕೇಳಿದ ಜೀವಂಧರ ಸ್ವಲ್ಪವೂ ಅನುಮಾನ ಪಡಲಿಲ್ಲ. ಬೆಂಗಳೂರಿನಲ್ಲಿದ್ದ ಭಾವನಿಗೆ ಹೇಳಿ ಹೊಸದು ತರಿಸುತ್ತೇನೆ ಎಂದ. ಅರಕಲಗೂಡಿನ ದಿನಕ್ಕೆ ಅದು ಬರುವ ಹಾಗಿರಲಿಲ್ಲ. ಮೇಷ್ಟ್ರು ಅಂಗಡಿಯವರೆಗೆ ಬಂದು, "ನೀನಿಲ್ದಿದ್ರೆ ಮರ್ಯಾದೆ ಓಯ್ತದೆ ಕಣಯ್ಯಾ," ಎಂದರು. ಪಾಲಾಕ್ಷ ಬೇಕೆಂದೇ ಸ್ವಲ್ಪ ಹಿಂದೆಮುಂದೆ ನೋಡಿ ಒಪ್ಪಿದ.

ಅರಕಲಗೂಡಿಗೆ ಜೀವಂಧರನೂ ಬಂದ. ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಏರಿಸಿದವನೂ ಇಳಿಸಿದವನೂ ಅವನೇ. ವೇದಿಕೆಯ ಮೇಲೆ ಪಾಲಾಕ್ಷನಿಗೆ ಚಾಪೆ ಹಾಸಿ, ನೀರಿನ ಲೋಟ ಇಟ್ಟು, ಇಳಿದು ಹೋಗಿ ಮುಂದಿನ ಸಾಲಿನಲ್ಲಿ ಕೂತ. ಅವನು ಸಿಡುಕಿದ್ದರೆ, ಮುಖ ಗಂಟು ಹಾಕಿದ್ದರೆ ಪಾಲಾಕ್ಷನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೇಷ್ಟ್ರು ಹಾಡಿದರು. ಪಾಲಾಕ್ಷನದು ಒಂದು ಸ್ವರವೂ ತಪ್ಪಲಿಲ್ಲ. ಆದರೆ ಮೇಷ್ಟ್ರು ಈಗ ಪ್ರತಿ ಚರಣದ ಕೊನೆಯಲ್ಲಿ ತಡೆಯುತ್ತಿದ್ದರು. ಆ ತಡೆಯುವಿಕೆ ಹೊಸದು. ಅಲ್ಲಿ ಗಿಟಾರು ಜಾರಿಕೊಂಡು ಬಂದು ಹಾಡನ್ನು ಎತ್ತಿಕೊಳ್ಳುತ್ತಿತ್ತು ಅಂತ ಪಾಲಾಕ್ಷನಿಗೆ ಹೊಳೆಯಿತು. ಆ ಸಂದುಗಳಲ್ಲಿ ಅವನು ತನಗೆ ಬಂದದ್ದನ್ನೆಲ್ಲ ತುರುಕಿದ. ಮೂರನೆಯ ಹಾಡು ಮುಗಿದಾಗ ಹಿಂದಿನಿಂದ ಯಾರೋ ಕೂಗಿದರು: "ಗಿಟಾರ್ ಎಲ್ ಸಾ? ಗಿಟಾರ್ ಇಲ್ವಾ ಇವತ್ತು?" ಜೀವಂಧರ ಎದ್ದು ನಿಂತು ಆ ಕಡೆಗೆ ತಿರುಗಿ, ಸುಮ್ಮನಿರಿ ಅನ್ನುವಂತೆ ಕೈಸನ್ನೆ ಮಾಡಿದ. ತನ್ನ ಪರವಾಗಿ ಅವನು ಎದ್ದು ನಿಂತದ್ದು ಪಾಲಾಕ್ಷನಿಗೆ ಆ ಕೂಗಿಗಿಂತ ಹೆಚ್ಚು ಚುಚ್ಚಿತು.

ಮುಂದಿನ ವಾರ ಬೆಂಗಳೂರಿನಿಂದ ಟ್ರಾನ್ಸ್‌ಫಾರ್ಮರ್ ಬಂತು. ಕಾಗದ ಬಿಡಿಸುತ್ತಿದ್ದಂತೆಯೇ ಪಾಲಾಕ್ಷನಿಗೆ ಗೊತ್ತಾಯಿತು, ಅದು ರೇಡಿಯೋಗೆ ಹಾಕುವಂಥದ್ದು. ಈ ಪೆಟ್ಟಿಗೆಗೆ ತೀರಾ ಚಿಕ್ಕದು. ಬೇಡ ಅನ್ನಬಹುದಿತ್ತು. ಬೇಡ ಅಂದರೆ ಇನ್ನೊಂದು ಬರುತ್ತದೆ, ಸುಳ್ಳು ಇನ್ನಷ್ಟು ಉದ್ದವಾಗುತ್ತದೆ. ನಿಜ ಹೇಳಬೇಕೆಂದರೆ, ಇವನ ಗಿಟಾರೂ ಒಂಚೂರು ಕುಂಟಲಿ ಎಂಬ ಆಸೆಯೂ ಅವನಿಗಿತ್ತು. ಒಳ್ಳೆಯ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದ. ಹೊಸದನ್ನು ಕೂರಿಸಿದ. ಬಿರಿದ ಬೆಸುಗೆಗೂ ಸದ್ದಿಲ್ಲದೆ ಸೀಸ ಬಿಟ್ಟ.

ಜೀವಂಧರ ಗಿಟಾರು ತಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ನುಡಿಸಿದ. ಸದ್ದು ನಿಲ್ಲದೆ ಬಂತು. ಆದರೆ ಮಂದ್ರದ ತಂತಿ ಡಬ್ಬ ಬಡಿದಂತೆ ಕೇಳಿತು. ಮೇಲಿನ ಸ್ವರಗಳು ನೆಗಡಿಯವನ ಮೂಗಿನಿಂದ ಬಂದಂತಿದ್ದವು. ಜೀವಂಧರ ಕೈ ನಿಲ್ಲಿಸಿ, ಮತ್ತೆ ಅದೇ ಸಾಲನ್ನು ನಿಧಾನವಾಗಿ ನುಡಿಸಿದ. ಅವನ ಮುಖ ಸಣ್ಣದಾಯಿತು. ಆದರೂ ತಲೆ ಎತ್ತಿ ನಕ್ಕ.

"ಇರ್ಲಿ ಅಣ್ಣಾ. ಹಳೇ ಪೆಟ್ಟಿಗೆ, ಇಷ್ಟಾದ್ರೂ ಜೀವ ಬಂತಲ್ಲ. ನಿಮ್ಮಿಂದ ಉಪಕಾರ ಆಯ್ತು."

ಗಿಟಾರನ್ನು ಚೀಲಕ್ಕೆ ಹಾಕತೊಡಗಿದ. ಪಾಲಾಕ್ಷನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಪ್ಪತ್ತು ವರ್ಷ ಸ್ವರದ ಜೊತೆ ಬಾಳಿದ ಕಿವಿ ಅವನದು. ಆ ಕೆಟ್ಟ ಸದ್ದು ಆ ಕಿವಿಯೊಳಗೇ ಕೂತುಬಿಟ್ಟಿತ್ತು. ಅದನ್ನು ಮಾಡಿದ್ದು ತನ್ನ ಕೈ.

"ತಡಿ. ಕೂತ್ಕೊ," ಎಂದ.

ಕರೆಂಟು ತೆಗೆದ. ಬೆಂಚಿನ ಕೆಳಗಿನಿಂದ ಹಳೆಯದನ್ನು ಎಳೆದು ಧೂಳು ಒರೆಸಿ, ಅದರ ಜಾಗಕ್ಕೇ ಮತ್ತೆ ಕೂರಿಸಿದ. ಜೀವಂಧರ ಬಗ್ಗಿ ನೋಡುತ್ತಾ ನಿಂತಿದ್ದ.

"ಅದು ಸುಟ್ಟೋಗಿತ್ತು ಅಂದ್ರಲ್ಲ?"

"ಸುಟ್ಟಿರ್ಲಿಲ್ಲ. ಒಂದು ಬೆಸುಗೆ ಬಿಟ್ಟಿತ್ತು. ನೀನು ತಂದುಕೊಟ್ಟ ದಿನವೇ ಗೊತ್ತಾಗಿತ್ತು ನಂಗೆ."

"ಮತ್ಯಾಕೆ...?"

ಪಾಲಾಕ್ಷ ಸ್ಕ್ರೂ ಬಿಗಿಮಾಡುತ್ತಿದ್ದ. ತಲೆ ಎತ್ತಲಿಲ್ಲ. "ಅಲ್ಲಿ ನಾನು ಕೂರ್ತಿದ್ದೆ ಕಣಪ್ಪಾ. ಮೇಷ್ಟ್ರ ಪಕ್ಕ. ನೀನು ಬಂದ್ಮೇಲೆ ನನ್ನನ್ನ ಯಾರೂ ಕರೀಲಿಲ್ಲ. ನಿನ್ನ ನೋಡಿದ್ರೆ ಹೊಟ್ಟೆ ಉರೀತಿತ್ತು. ಈಗ್ಲೂ ಉರೀತದೆ."

ಪಾಲಾಕ್ಷ ಕರೆಂಟು ಕೊಟ್ಟ ಮೇಲೂ ಜೀವಂಧರ ಗಿಟಾರು ಹೊರಗೆ ತೆಗೆಯಲಿಲ್ಲ. ಪೆಟ್ಟಿಗೆಗೆ ಹಲಗೆ ಮುಚ್ಚುವುದನ್ನೇ ಕಾದಿದ್ದು, ಎತ್ತಿಕೊಂಡ. ಬಾಗಿಲಲ್ಲಿ ನಿಂತು, "ಅರಕಲಗೂಡಲ್ಲಿ ನಿಮ್ಮ ಹಾರ್ಮೋನಿಯಂ ನಾನೇ ಹೊತ್ನಲ್ಲಾ ಅಣ್ಣಾ," ಎಂದ. ಬಸ್ಸಿನ ಕಡೆಗೆ ನಡೆದುಬಿಟ್ಟ.

ಅವನು ಈ ವಿಷಯ ಮೇಷ್ಟ್ರಿಗೆ ಹೇಳಲಿಲ್ಲ. ಪಾಲಾಕ್ಷನ ಅಂಗಡಿಗೆ ಮತ್ತೆ ಬರಲೂ ಇಲ್ಲ. ಆಮೇಲೆ ಪೆಟ್ಟಿಗೆ ಕೆಟ್ಟಾಗ ಹಾಸನಕ್ಕೆ ಒಯ್ಯುತ್ತಾನಂತೆ ಅಂತ ಯಾರೋ ಅಂದರು. ಅವನು ಯಾಕೆ ಬರುತ್ತಿಲ್ಲ ಅಂತ ಗುರುಸಿದ್ದಮ್ಮ ಒಮ್ಮೆ ಕೇಳಿದಳು, ಪಾಲಾಕ್ಷ ಎಲ್ಲವನ್ನೂ ಹೇಳಿದ. "ಅವ್ನಿಗೆ ನಿಜ ಏಳಿದ್ದು ಒಳ್ಳೇದೇ ಆಯ್ತು ಬುಡಿ," ಅಂದಳು ಅವಳು, ಅಷ್ಟೆ.

ಮರುವರ್ಷದ ಬೇಸಿಗೆಯಲ್ಲಿ ನುಗ್ಗೇಹಳ್ಳಿಯ ಒಂದು ಮದುವೆಗೆ ಗಂಡ ಹೆಂಡತಿ ಹೋಗಿದ್ದರು. ಚಪ್ಪರದ ತುದಿಯಲ್ಲಿ ಮೇಷ್ಟ್ರ ತಂಡ ಕೂತಿತ್ತು. ಜೀವಂಧರ ಪಾಲಾಕ್ಷನನ್ನು ನೋಡಿದ. ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ತಂತಿಯ ಮೇಲೆ ಉಕ್ಕಿನ ತುಂಡು ಇಟ್ಟು ಜಾರಿಸಿದ. ಮಂದ್ರ ತುಂಬಿಕೊಂಡು ಬಂತು, ಎಲ್ಲೂ ಒಡಕಿಲ್ಲ. ಪಾಲಾಕ್ಷನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು.

"ಊಟಕ್ಕೆ ಎಬ್ಬಿಸ್ತಾವ್ರೆ, ಏಳಿ," ಎಂದಳು ಗುರುಸಿದ್ದಮ್ಮ.

"ಮುಂದಿನ ಪಂಕ್ತೀಲಿ ಕೂತ್ಕೊಳಣ. ಇದು ಮುಗೀಲಿ," ಎಂದ ಪಾಲಾಕ್ಷ.